108, ಅಗ್ನಿಶಾಮಕ, ಪೊಲೀಸ್ ಸಿಬ್ಬಂದಿಗೆ ಮನಸ್ಸಿನ ಚಿಕಿತ್ಸೆ: ಮಂಗಳೂರು–ಉಡುಪಿಯಲ್ಲಿ ಎಲ್ಲಿಗೆ ಹೋಗಬಹುದು?

ಆಸ್ಪತ್ರೆಗಳಿಗೆ ಬರ ಇಲ್ಲದ ಸೀಮೆ ನಮ್ಮದು. ದೇರಳಕಟ್ಟೆಯಿಂದ ಮಣಿಪಾಲಕ್ಕೆ ಹೋಗುವಷ್ಟರಲ್ಲಿ ಮನೋವೈದ್ಯ ವಿಭಾಗ ಇರುವ ಮೆಡಿಕಲ್ ಕಾಲೇಜುಗಳು ಐದಾರಕ್ಕೆ ಕಡಿಮೆಯಿಲ್ಲ. ಹಾಗಿದ್ದೂ ಆಂಬ್ಯುಲೆನ್ಸ್‌ನಲ್ಲಿ, ಅಗ್ನಿಶಾಮಕ ಠಾಣೆಯಲ್ಲಿ, ಪೊಲೀಸ್ ಇಲಾಖೆಯಲ್ಲಿ ದುಡಿಯುವವರು ಒಮ್ಮೆ ತೋರಿಸಿ ಬಂದು ಎರಡನೇ ಸಲ ಹೋಗದೆ ಬಿಡುತ್ತಾರೆ. ಡಾಕ್ಟರು ಸರಿಯಿಲ್ಲ ಅನ್ನುವುದು ಅದಕ್ಕೆ ಕಾರಣ ಆಗುವುದು ಅಪರೂಪ. ಅಪಾಯಿಂಟ್‌ಮೆಂಟ್ ಇದ್ದ ದಿನವೇ ಡ್ಯೂಟಿ ಬಿದ್ದಿರುತ್ತದೆ, ಇಲ್ಲವೇ ಸ್ಟೇಷನ್‌ನಲ್ಲಿ ಯಾರಿಗೋ ಸುದ್ದಿ ಗೊತ್ತಾಗಿರುತ್ತದೆ.

ಹಾಗಾಗಿ ಇಲ್ಲಿ ಒಂದೊಂದು ದಾರಿಯನ್ನೂ ಮುಖ್ಯವಾಗಿ ಈ ಎರಡು ಅಳತೆಯಿಂದಲೇ ನೋಡಿದ್ದೇವೆ: ನಿಮ್ಮ ಪಾಳಿಗೆ ಹೊಂದುತ್ತದೆಯೇ, ಅಲ್ಲಿ ಆಡಿದ ಮಾತು ಎಲ್ಲಿವರೆಗೆ ಹೋಗುತ್ತದೆ. ದೊಡ್ಡ ಹೆಸರು ನೋಡಿ ಹೊರಡುವ ಮೊದಲು ರೋಸ್ಟರ್ ಎದುರಿಗೆ ಇಟ್ಟುಕೊಳ್ಳಿ. ಎಂಟು ಸಲ ಹೋಗಿಬರಲು ಆಗದ ಜಾಗ ಎಷ್ಟೇ ಒಳ್ಳೆಯದಾದರೂ ನಿಮಗೆ ಅಲ್ಲ.

ಮೊದಲ ತಿಂಗಳು: ಕಾಯುವುದೂ ಒಂದು ಆಯ್ಕೆ

ಮೂರು ದಿನ ನೀರಿನಲ್ಲಿದ್ದ ಶವವನ್ನು ದೋಣಿಗೆ ಎಳೆದುಕೊಳ್ಳುವಾಗ ಅದರ ಕೈಯ ಚರ್ಮ ಹಿಡಿದವರ ಕೈಗವಸಿಗೆ ಅಂಟಿಕೊಂಡು ಬರುತ್ತದೆ. ಆ ಕೆಲಸ ಮಾಡಿದವರಿಗೆ ನಾಲ್ಕು ದಿನ ಊಟ ಸೇರದಿದ್ದರೆ, ಮನೆಯಲ್ಲಿ ಮೀನು ಕೊಯ್ಯುವ ವಾಸನೆಗೆ ಎದ್ದು ಅಂಗಳಕ್ಕೆ ಹೋಗುವಂತಾದರೆ, ಅದು ಕಾಯಿಲೆಯಲ್ಲ. ಹೆಚ್ಚಿನವರಿಗೆ ಮೂರು ನಾಲ್ಕು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ಮೂರು ದಿನದಿಂದ ಒಂದು ತಿಂಗಳ ಒಳಗೆ ಕಾಟ ತೀವ್ರವಾಗಿದ್ದರೆ ವೈದ್ಯರು ಅದನ್ನು ತೀವ್ರ ಒತ್ತಡದ ಕಾಯಿಲೆ ಎಂದು ಗುರುತಿಸುತ್ತಾರೆ. ತಿಂಗಳು ದಾಟಿದ ಮೇಲೂ ನಾಲ್ಕು ಬಗೆಯ ಲಕ್ಷಣಗಳು ಒಟ್ಟಿಗೆ ಉಳಿದರೆ ಮಾತ್ರ ಪಿಟಿಎಸ್‌ಡಿ, ಅಂದರೆ ಆಘಾತದ ನಂತರದ ಒತ್ತಡದ ಕಾಯಿಲೆ, ಎನ್ನುವ ಮಾತು ಬರುತ್ತದೆ: ಬೇಡವೆಂದರೂ ದೃಶ್ಯ ನುಗ್ಗಿ ಬರುವುದು ಅಥವಾ ಕೆಟ್ಟ ಕನಸು; ಆ ಜಾಗ, ಆ ಮಾತು ತಪ್ಪಿಸಿಕೊಂಡು ತಿರುಗುವುದು; ತನ್ನ ಮೇಲೆಯೇ ತಪ್ಪು ಹೊರಿಸಿಕೊಂಡು ಮನೆಯವರ ಮೇಲೂ ಪ್ರೀತಿ ಮರಗಟ್ಟುವುದು; ಸಣ್ಣ ಸದ್ದಿಗೆ ಬೆಚ್ಚುವುದು, ನಿದ್ದೆ ಇಲ್ಲದಿರುವುದು, ಮೂಗಿನ ತುದಿಯಲ್ಲಿ ಸಿಟ್ಟು. ವೃತ್ತಿಯವರಲ್ಲಿ ಇವು ಬೇರೆ ವೇಷದಲ್ಲಿ ಕಾಣುತ್ತವೆ. ನಂತೂರು ಸರ್ಕಲ್ ತಪ್ಪಿಸಲೆಂದು ಮೂರು ಕಿಲೋಮೀಟರ್ ಸುತ್ತುವ ಪೈಲಟ್ (ಆಂಬ್ಯುಲೆನ್ಸ್ ಚಾಲಕ), ಮಗುವಿನ ಕೇಸ್ ಎಂದು ಕರೆ ಬಂದರೆ ಪಾಳಿ ಬದಲಿಸಿಕೊಳ್ಳುವ ಇಎಂಟಿ (ಗಾಡಿಯಲ್ಲಿ ತುರ್ತು ಚಿಕಿತ್ಸೆ ಕೊಡುವವರು), ರಜೆ ಇದ್ದರೂ ಮನೆಗೆ ಹೋಗದೆ ಬ್ಯಾರಕ್‌ನಲ್ಲೇ ಉಳಿಯುವ ಕಾನ್‌ಸ್ಟೆಬಲ್.

ಮೊದಲ ವಾರದಲ್ಲಿ ಠಾಣೆಯವರು ಮಾಡುವ ಎರಡು ತಪ್ಪುಗಳಿವೆ. ಒಂದು, ಮರುದಿನವೇ ಎಲ್ಲರನ್ನೂ ಸುತ್ತ ಕೂರಿಸಿ ‘ಏನೇನು ಕಂಡಿರಿ, ಹೇಗನಿಸಿತು’ ಎಂದು ಒಬ್ಬೊಬ್ಬರಿಂದ ಹೇಳಿಸುವುದು. ಒಂದೇ ಸಲದ ಇಂಥ ಬಲವಂತದ ಮಾತುಕತೆ ಕಾಯಿಲೆಯನ್ನು ತಡೆಯುವುದಿಲ್ಲ. ಚಿಕಿತ್ಸೆ ಹೇಗಿರಬೇಕೆಂದು ಮಾರ್ಗದರ್ಶನ ಮಾಡುವ ಬ್ರಿಟನ್ನಿನ ನೈಸ್ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಇದನ್ನು ಮಾಡಬೇಡಿ ಎಂದೇ ಹೇಳಿದೆ. ಪಕ್ಕದವನು ಕಂಡದ್ದನ್ನು ಕೇಳಿ, ತಾನು ಕಾಣದ ಚಿತ್ರವೂ ತಲೆಗೆ ಸೇರಿಕೊಳ್ಳುತ್ತದೆ. ಇನ್ನೊಂದು, ಪರಿಚಯದ ಮೆಡಿಕಲ್‌ನಿಂದ ನಿದ್ದೆ ಮಾತ್ರೆ ತಂದು ಕೊಡುವುದು. ಅಲ್‌ಪ್ರಾಜೋಲಮ್, ಕ್ಲೊನಾಜೆಪಾಮ್ ಗುಂಪಿನ ಮಾತ್ರೆಗಳನ್ನು ಆಘಾತವಾದ ಮೊದಲ ತಿಂಗಳಲ್ಲಿ ಆ ಕಾಟಕ್ಕೆಂದು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಚಟ ಹಿಡಿಯುತ್ತದೆ, ಮೂಲ ತೊಂದರೆ ಇದ್ದಲ್ಲೇ ಇರುತ್ತದೆ.

ಬದಲಿಗೆ ಮಾಡಬೇಕಾದ್ದು ತೀರಾ ಸರಳ. ಗಾಡಿ ತೊಳೆಯುವ ಕೆಲಸವನ್ನು ಆ ಕರೆಗೆ ಹೋಗದವರಿಗೆ ವಹಿಸಿ. ಸ್ನಾನ, ಬಿಸಿ ಊಟ, ಮನೆಗೆ ಒಂದು ಫೋನ್. ಮಾತಾಡಬೇಕು ಅನಿಸಿದವರು ಮಾತಾಡಲಿ, ಸುಮ್ಮನಿರುವವರನ್ನು ಕೆದಕಬೇಡಿ. ಮೂರನೇ ದಿನ, ಹತ್ತನೇ ದಿನ, ನಾಲ್ಕನೇ ವಾರ ಠಾಣಾಧಿಕಾರಿಯೇ ಒಬ್ಬೊಬ್ಬರನ್ನು ಬೇರೆಯಾಗಿ ‘ನಿದ್ದೆ ಹೇಗುಂಟು?’ ಎಂದು ಕೇಳಲಿ. ನಿದ್ದೆಯ ಬಗ್ಗೆ ಕೇಳಿದರೆ ಜನ ನಿಜ ಹೇಳುತ್ತಾರೆ. ‘ಮನಸ್ಸು ಹೇಗಿದೆ’ ಎಂದರೆ ಎಲ್ಲರದೂ ಒಂದೇ ಉತ್ತರ, ‘ಎಂತ ಇಲ್ಲ ಸರ್.’

ಸಾಯುವ ಯೋಚನೆ ಬಂದರೆ, ಕುಡಿಯದೆ ನಿದ್ದೆ ಬಾರದ ಸ್ಥಿತಿ ಆದರೆ, ಗಾಡಿ ಓಡಿಸುವಾಗ ಎದುರಿನ ರಸ್ತೆ ಮರೆತು ಹಳೆಯ ದೃಶ್ಯವೇ ಕಣ್ಣಿಗೆ ಕಟ್ಟಿದರೆ, ಹಿಂದೆ ಇಂಥದೇ ಕಾಯಿಲೆಗೆ ಔಷಧಿ ತೆಗೆದುಕೊಂಡಿದ್ದರೆ ತಿಂಗಳು ಕಾಯುವ ಪ್ರಶ್ನೆಯೇ ಇಲ್ಲ.

ಸಹೋದ್ಯೋಗಿಯೋ, ಇಲಾಖೆಯ ಕೌನ್ಸೆಲರೋ?

ಹಿರಿಯ ಸಹೋದ್ಯೋಗಿಯ ಮಾತಿಗೆ ಇರುವ ತೂಕ ಹೊರಗಿನವರ ಮಾತಿಗೆ ಇಲ್ಲ. ‘ಆರು ತಿಂಗಳು ನನಗೂ ಹಾಗೇ ಇತ್ತು’ ಎಂಬ ಒಂದು ವಾಕ್ಯದಿಂದ ಆಗುವ ಹಗುರ ದೊಡ್ಡದು. ಆದರೆ ಅದೇ ಕರೆಗೆ ಬಂದಿದ್ದವರನ್ನು ಆರಿಸಬೇಡಿ, ಅವರದ್ದೂ ಹಸಿ ಗಾಯವೇ. ಬೇರೆ ಠಾಣೆಯ, ನಿಮ್ಮ ಬಡ್ತಿ–ವರ್ಗಾವಣೆಯಲ್ಲಿ ಕೈಯಿಲ್ಲದ ಹಿರಿಯರು ಒಳ್ಳೆಯದು. ಪಾಂಡೇಶ್ವರದವರಿಗೆ ಮೂಡುಬಿದಿರೆಯವರು, ಮಲ್ಪೆಯವರಿಗೆ ಕುಂದಾಪುರದವರು ಎಂಬಂತೆ. ಆದರೂ ಇದು ಚಿಕಿತ್ಸೆಯಲ್ಲ. ಆರು ವಾರವಾದರೂ ಅದೇ ಮಾತು ಅದೇ ಜಾಗದಲ್ಲಿ ಸುತ್ತುತ್ತಿದ್ದರೆ ಮುಂದಿನ ಮೆಟ್ಟಿಲು ಹತ್ತಬೇಕು.

ಇಲಾಖೆ ಅಥವಾ ಕಂಪೆನಿ ಗೊತ್ತು ಮಾಡಿದ ಕೌನ್ಸೆಲರ್ ಇದ್ದರೆ ಕುರ್ಚಿಯಲ್ಲಿ ಕೂರುವ ಮೊದಲೇ ಮೂರು ಪ್ರಶ್ನೆ ಕೇಳಿ. ನೀವು ವರದಿ ಕೊಡುವುದು ಯಾರಿಗೆ? ಅದರಲ್ಲಿ ಹೆಸರು ಇರುತ್ತದೆಯೇ, ಎಷ್ಟು ಜನ ಬಂದರು ಎಂಬ ಲೆಕ್ಕ ಮಾತ್ರವೇ? ನನ್ನ ಫೈಲ್ ಎಲ್ಲಿ ಇಡುತ್ತೀರಿ? ನೇರ ಉತ್ತರ ಬಂದರೆ ಮುಂದುವರಿಯಿರಿ. ‘ಅದೆಲ್ಲ ಮಂಡೆಬಿಸಿ ಮಾಡ್ಬೇಡಿ’ ಎಂದರೆ ನಿದ್ದೆ, ರಜೆ, ಪಾಳಿಯಂಥ ವಿಷಯಗಳಿಗಷ್ಟೇ ಅವರನ್ನು ಬಳಸಿಕೊಳ್ಳಿ.

ಸಭಾಂಗಣದಲ್ಲಿ ನೂರಾರು ಜನರನ್ನು ಕೂರಿಸಿ ಮಾಡುವ ಒತ್ತಡ ನಿರ್ವಹಣೆ ಕಾರ್ಯಾಗಾರವನ್ನು ಈ ಹೋಲಿಕೆಗೇ ಸೇರಿಸಿಲ್ಲ. ಮಾಹಿತಿಗೆ ಅಡ್ಡಿಯಿಲ್ಲ. ರಾತ್ರಿ ಪಾಳಿ ಮುಗಿಸಿದವರನ್ನು ಬೆಳಿಗ್ಗೆ ಹತ್ತಕ್ಕೆ ಕರೆದು ಪ್ರಾಣಾಯಾಮ ಹೇಳಿಕೊಟ್ಟರೆ ಅವರು ಅಲ್ಲೇ ನಿದ್ದೆ ಹೋಗುತ್ತಾರೆ, ಅದೂ ಒಂದು ಲಾಭವೇ ಅನ್ನಿ.

14416: ಮೊದಲ ಕರೆಗೆ ಇದಕ್ಕಿಂತ ಸುಲಭದ್ದು ಇಲ್ಲ

ಟೆಲಿ ಮಾನಸ್ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಉಚಿತ ಸಹಾಯವಾಣಿ. 14416, ಅಥವಾ 1800-891-4416. ದಿನದ 24 ಗಂಟೆಯೂ ಇರುವುದರಿಂದ ಪಾಳಿಯ ತಕರಾರು ಇಲ್ಲ. ಭಾಷೆ ಆರಿಸಿಕೊಂಡರೆ ಕನ್ನಡದಲ್ಲೇ ಮಾತಾಡಬಹುದು. ಮೊದಲು ಸಿಗುವವರು ತರಬೇತಾದ ಕೌನ್ಸೆಲರ್. ಅವರ ಕೈಮೀರಿದ್ದಾದರೆ ಮನೋವೈದ್ಯರಿಗೆ, ಜಿಲ್ಲೆಯ ಆಸ್ಪತ್ರೆಗೆ ದಾಟಿಸುತ್ತಾರೆ. ರಾತ್ರಿ ಎರಡು ಗಂಟೆಗೆ, ಗಾಡಿ ಟೋಲ್‌ಗೇಟಿನ ಬಳಿ ನಿಂತಿರುವಾಗ, ಎದೆ ಡವಗುಟ್ಟಲು ಶುರುವಾದರೆ ಇದಕ್ಕಿಂತ ಹತ್ತಿರದ್ದು ಬೇರೆ ಇಲ್ಲ.

ಇದರ ಮಿತಿಯೂ ಗೊತ್ತಿರಲಿ. ಪ್ರತಿ ಸಲ ಅದೇ ವ್ಯಕ್ತಿ ಸಿಗುತ್ತಾರೆಂದು ನಂಬಿಕೊಂಡು ಹೋಗಬೇಡಿ. ಆಘಾತಕ್ಕೆ ಬೇಕಾದ ವಾರವಾರದ ಚಿಕಿತ್ಸೆಗೆ ಅದು ಸಾಲದು. ಇನ್ನೊಂದು ಭಾಷೆಯದ್ದು. ತುಳು, ಬ್ಯಾರಿ, ಕೊಂಕಣಿ ಮನೆಮಾತಿನವರಿಗೆ ಅಳು ಬರುವ ಮಾತು ಕನ್ನಡದಲ್ಲಿ ಬಾರದಿದ್ದರೆ ಊರಿನ ಆಸ್ಪತ್ರೆಯೇ ವಾಸಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಬಂದು ಇಲ್ಲಿ ಕ್ವಾರ್ಟರ್ಸ್‌ನಲ್ಲಿರುವ ಕಾನ್‌ಸ್ಟೆಬಲ್‌, ಫೈರ್‌ಮನ್‌ಗಳಿಗೆ ಇದು ತಿರುಗುಮುರುಗು. ಇಲ್ಲಿ ಎಲ್ಲರೂ ತುಳುವಿಗೆ ಹೊರಳುವಾಗ ಅವರಿಗೆ ಫೋನಿನ ಕನ್ನಡವೇ ಆಪ್ತ.

ಕರೆ ಮಾಡುವ ಮೊದಲು ಮೂರು ವಿಷಯ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಯಾವಾಗಿಂದ, ನಿದ್ದೆ ಎಷ್ಟು ಗಂಟೆ, ಈಗ ಯಾವ ಮಾತ್ರೆ ಅಥವಾ ಮದ್ಯ ಎಷ್ಟು. ಕೊನೆಗೆ ‘ನನ್ನ ಜಿಲ್ಲೆಯಲ್ಲಿ ಯಾರನ್ನು, ಯಾವ ವಾರ ಕಾಣಬೇಕು’ ಎಂದು ಕೇಳಿಯೇ ಫೋನ್ ಇಡಿ.

ಸರ್ಕಾರಿ ಆಸ್ಪತ್ರೆಯೋ, ಮೆಡಿಕಲ್ ಕಾಲೇಜೋ?

ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಮನೋಸಾಮಾಜಿಕ ಕಾರ್ಯಕರ್ತರು, ನರ್ಸ್ ಇರಬೇಕು ಎಂಬುದು ನಿಯಮ. ಹುದ್ದೆ ತುಂಬಿದೆಯೇ ಎಂಬುದನ್ನು ಮಾತ್ರ ಹೋಗುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಬೇಕು. ಸೈಕಾಲಜಿಸ್ಟ್ ಇಲ್ಲದಿದ್ದರೆ ಅಲ್ಲಿ ನಿಮಗೆ ಸಿಗುವುದು ಔಷಧಿ ಮತ್ತು ಐದು ನಿಮಿಷದ ಮಾತು ಅಷ್ಟೆ. ಖಿನ್ನತೆಗೆ, ನಿದ್ದೆಗೆ ಅದು ಸಾಕಾಗಬಹುದು. ದೃಶ್ಯ ನುಗ್ಗಿ ಬರುವ ಕಾಟಕ್ಕೆ ಸಾಕಾಗದು. ಪುತ್ತೂರು, ಬೆಳ್ತಂಗಡಿ, ಕಾರ್ಕಳ, ಕುಂದಾಪುರದ ಕಡೆಯವರು ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್, ಅಂದರೆ ಮಂಗಳವಾರದ ಮಾನಸಿಕ ಆರೋಗ್ಯ ತಪಾಸಣೆ, ಯಾವ ಮಂಗಳವಾರ ಇದೆ ಎಂದು ವಿಚಾರಿಸಿ. ಮಂಗಳವಾರದ ಸರದಿ ಎಂದು ಗೊತ್ತಿದ್ದರೆ ತಿಂಗಳ ರೋಸ್ಟರ್ ಬರೆಯುವಾಗಲೇ ವಾರದ ರಜೆಯನ್ನು ಅತ್ತ ಹೊಂದಿಸಿಕೊಳ್ಳಬಹುದು.

ಸರ್ಕಾರಿ ಆಸ್ಪತ್ರೆಯಲ್ಲಿ ಈ ವೃತ್ತಿಯವರಿಗೆ ಮಾತ್ರ ಎದುರಾಗುವ ತೊಡಕೊಂದಿದೆ. ವೆನ್ಲಾಕ್‌ನ ಕ್ಯಾಶುವಾಲ್ಟಿಗೆ ದಿನಾ ರೋಗಿಯನ್ನು ತಂದಿಳಿಸುವ ಇಎಂಟಿಯನ್ನು ಅಲ್ಲಿನ ವಾರ್ಡ್‌ಬಾಯ್‌ನಿಂದ ಸೆಕ್ಯುರಿಟಿವರೆಗೆ ಎಲ್ಲರೂ ಬಲ್ಲರು. ಮನೋವೈದ್ಯ ಓಪಿಡಿಯ ಬೆಂಚಿನಲ್ಲಿ ಅವರು ಚೀಟಿ ಹಿಡಿದು ಕೂತರೆ ಸುದ್ದಿ ಮಧ್ಯಾಹ್ನಕ್ಕೆ ಸ್ಟ್ಯಾಂಡಿಗೆ ಮುಟ್ಟುತ್ತದೆ. ಮೆಡಿಕೋ-ಲೀಗಲ್ ಕೇಸಿಗೆಂದು, ಪಂಚನಾಮೆಗೆಂದು ಬರುವ ಪೊಲೀಸರದ್ದೂ ಇದೇ ಕಥೆ. ನಿಮ್ಮ ಡ್ಯೂಟಿಯ ಆಸ್ಪತ್ರೆ ಒಂದಾದರೆ ಚಿಕಿತ್ಸೆಯ ಆಸ್ಪತ್ರೆ ಬೇರೆ ಇರಲಿ. ಮಂಗಳೂರಿನವರು ಉಡುಪಿಗೆ, ಉಡುಪಿಯವರು ಮಂಗಳೂರಿಗೆ ಹೋಗುವುದರಲ್ಲಿ ತಪ್ಪೇನಿಲ್ಲ, ಒಂದೂವರೆ ಗಂಟೆಯ ಬಸ್ಸು.

ಮೆಡಿಕಲ್ ಕಾಲೇಜುಗಳ ಲೆಕ್ಕ ಬೇರೆ. ಮಣಿಪಾಲದ ಕಸ್ತೂರ್ಬಾ, ಕಂಕನಾಡಿಯ ಫಾದರ್ ಮುಲ್ಲರ್, ದೇರಳಕಟ್ಟೆಯ ಆಸ್ಪತ್ರೆಗಳಲ್ಲಿ ಮನೋವೈದ್ಯರು, ಸೈಕಾಲಜಿಸ್ಟ್‌ಗಳು ಒಂದೇ ಸೂರಿನಡಿ ಸಿಗುತ್ತಾರೆ. ಒಳ್ಳೆಯದೇ. ತೊಂದರೆ ಏನೆಂದರೆ, ಮೊದಲು ನೋಡುವವರು ಪಿಜಿ ವಿದ್ಯಾರ್ಥಿ, ಪೋಸ್ಟಿಂಗ್ ಬದಲಾದರೆ ಮುಂದಿನ ಸಲ ಬೇರೆಯವರು. ಶವದ ಕಥೆಯನ್ನು ಮೂರು ಜನಕ್ಕೆ ಮೂರು ಸಲ ಹೇಳಬೇಕಾಗಿ ಬಂದರೆ ನಾಲ್ಕನೆಯ ಸಲ ಹೋಗಲು ಕಾಲೇಳುವುದಿಲ್ಲ. ಮೊದಲ ದಿನವೇ ಹೇಳಿಬಿಡಿ: ‘ನನ್ನದು ತುರ್ತು ಸೇವೆಯ ಕೆಲಸ. ಎಲ್ಲ ಸಲವೂ ಒಬ್ಬರೇ ನೋಡುವ ಹಾಗೆ ಮಾಡಿಕೊಡಿ.’ ಕೇಳಿದವರಿಗೆ ಮಾಡಿಕೊಡುತ್ತಾರೆ, ಕೇಳದವರ ಚೀಟಿ ಸರದಿಯಲ್ಲಿ ಯಾರ ಕೈಗೆ ಬಿತ್ತೋ ಅವರದು.

ಬೋರ್ಡ್ ಓದುವುದು

ನಮ್ಮಲ್ಲಿ ‘ಕೌನ್ಸೆಲರ್’ ಎಂದು ಬೋರ್ಡ್ ಹಾಕಿಕೊಳ್ಳಲು ಇಂಥದೇ ಪದವಿ ಬೇಕೆಂಬ ಕಟ್ಟುನಿಟ್ಟು ಇದುವರೆಗೆ ಇದ್ದಿಲ್ಲ. ಆನ್‌ಲೈನ್ ಸರ್ಟಿಫಿಕೇಟ್ ಹಿಡಿದವರೂ, ಹದಿನೈದು ವರ್ಷ ಆಸ್ಪತ್ರೆಯಲ್ಲಿ ದುಡಿದವರೂ ಒಂದೇ ಬೀದಿಯಲ್ಲಿ ಒಂದೇ ಪದ ಬಳಸುತ್ತಾರೆ. ಮನೋವೈದ್ಯರೆಂದರೆ ಎಂಬಿಬಿಎಸ್ ಮೇಲೆ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ. ಔಷಧಿ ಬರೆಯುವವರು ಇವರೇ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ, ನೋಂದಣಿ ಸಂಖ್ಯೆ ಇದ್ದವರು. ಸಂಖ್ಯೆ ಕೇಳಲು ಸಂಕೋಚ ಬೇಡ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿದ ಒಳ್ಳೆಯ ಆಪ್ತ ಸಮಾಲೋಚಕರೂ ಇಲ್ಲಿ ಸಾಕಷ್ಟಿದ್ದಾರೆ. ಮನೆಯ ಜಗಳ, ಸಾಲ, ವರ್ಗಾವಣೆಯ ಬೇಗುದಿಗೆ ಅವರು ಸಾಕು, ಎಷ್ಟೋ ಸಲ ಅವರೇ ಮೇಲು.

ಆಘಾತಕ್ಕೆ ಮಾತ್ರ ಒಂದೇ ಪ್ರಶ್ನೆ ಕೇಳಿ: ‘ಪಿಟಿಎಸ್‌ಡಿಗೆ ನೀವು ಮಾಡುವ ಚಿಕಿತ್ಸೆ ಯಾವುದು, ಎಷ್ಟು ಸಲ ಬರಬೇಕು?’ ಆಘಾತ ಕೇಂದ್ರಿತ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಚಿಕಿತ್ಸೆ), ಎಕ್ಸ್‌ಪೋಶರ್ (ಹೆದರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದು), ಇಎಂಡಿಆರ್ (ಕಣ್ಣು ಆಡಿಸುತ್ತ ನೆನಪನ್ನು ಎದುರಿಸುವುದು) ಎಂಬ ಹೆಸರುಗಳಲ್ಲಿ ಒಂದು ಬಂದು, ಎಂಟರಿಂದ ಹನ್ನೆರಡು ಸಲ, ಪ್ರತಿ ಸಲ ಒಂದರಿಂದ ಒಂದೂವರೆ ಗಂಟೆ ಎಂಬ ಉತ್ತರ ಸಿಕ್ಕರೆ ಸರಿದಾರಿ. ‘ಮಾತಾಡ್ತಾ ಹೋಗುವಾ, ನೋಡುವಾ’ ಎಂದರೆ ಮುಂದಿನ ಬಾಗಿಲು ನೋಡಿ.

ಒಳಗೆ ಏನು ನಡೆಯುತ್ತದೆ ಎಂದು ಗೊತ್ತಿಲ್ಲದೆಯೇ ಅರ್ಧ ಜನ ಹೆದರುತ್ತಾರೆ. ಎಕ್ಸ್‌ಪೋಶರ್‌ಗೆ ಬಂದ, ಆಂಬ್ಯುಲೆನ್ಸ್‌ನ ಹಿಂಬಾಗಿಲು ತೆರೆದರೇ ಕೈ ನಡುಗುವ ಇಎಂಟಿ ಒಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಮೊದಲ ಎರಡು ಸಲ ಕೇಳಿ ತಿಳಿಯುವುದು, ಉಸಿರಾಟ ಕಲಿಸುವುದು, ಮೆಟ್ಟಿಲುಗಳ ಪಟ್ಟಿ ಮಾಡುವುದು. ನಿಂತ ಗಾಡಿಯ ಪಕ್ಕ ನಿಲ್ಲುವುದಕ್ಕೆ ನೂರರಲ್ಲಿ ಎಷ್ಟು ಹೆದರಿಕೆ? ಮೂವತ್ತು. ಒಳಗೆ ಕೂತು ಬಾಗಿಲು ತೆರೆದಿಟ್ಟರೆ? ಐವತ್ತು. ಬಾಗಿಲು ಮುಚ್ಚಿ ಸೈರನ್ ಹಾಕಿದರೆ? ತೊಂಬತ್ತು. ಮೂವತ್ತರಿಂದ ಆರಂಭಿಸಿ, ಹೆದರಿಕೆ ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ಇರಬೇಕು. ಅದಕ್ಕೆ ಅರ್ಧ ಗಂಟೆ ಹಿಡಿದೀತು, ಮುಕ್ಕಾಲು ಗಂಟೆಯೂ ಹಿಡಿದೀತು. ಹೆದರಿಕೆ ಏರಿದಾಗಲೇ ಎದ್ದು ಬಂದರೆ ಮೆದುಳು ಕಲಿಯುವುದು ಉಲ್ಟಾ ಪಾಠ, ‘ಓಡಿದ್ದಕ್ಕೆ ಬದುಕಿದೆ’ ಎಂದು. ಜೊತೆಗೆ ಆ ದಿನದ ಘಟನೆಯನ್ನು ಕಣ್ಣು ಮುಚ್ಚಿ ಮೊದಲಿಂದ ಕೊನೆವರೆಗೆ ಹೇಳಿ, ಅದರ ರೆಕಾರ್ಡಿಂಗನ್ನು ಮನೆಯಲ್ಲಿ ದಿನಾ ಕೇಳುವುದೂ ಇರುತ್ತದೆ. ಎರಡು, ಮೂರನೇ ವಾರ ಕನಸು ಹೆಚ್ಚಾಗಬಹುದು. ಬಹಳ ಮಂದಿ ಬಿಟ್ಟುಬಿಡುವುದು ಆಗಲೇ. ಅಷ್ಟು ಹೊತ್ತಿಗೆ ಎರಡು ವಾರ ಹಗಲು ಪಾಳಿ ಸಿಗುವಂತೆ ಮೊದಲೇ ನೋಡಿಕೊಂಡವರು ದಾಟುತ್ತಾರೆ. ಪಾಳಿ ವಾರವಾರ ಬದಲಾಗುವವರು ‘ಪ್ರತಿ ಬುಧವಾರ ನಾಲ್ಕು ಗಂಟೆ’ ಎಂದು ಒಪ್ಪಿಕೊಳ್ಳಬೇಡಿ. ತಿಂಗಳ ರೋಸ್ಟರಿನ ಫೋಟೋ ತೋರಿಸಿ ನಾಲ್ಕು ದಿನಾಂಕ ಒಟ್ಟಿಗೆ ಬರೆಸಿಕೊಳ್ಳಿ. ಮಳೆಗಾಲದ ಜೂನ್–ಜುಲೈಯಲ್ಲಿ ರಜೆ ರದ್ದಾಗುವುದು ಖಾತ್ರಿ. ಜೀವಕ್ಕೆ ಅಪಾಯ ಇಲ್ಲದಿದ್ದರೆ ಸೆಪ್ಟೆಂಬರ್ ನಂತರ ಆರಂಭಿಸುವುದೇ ಮೇಲು, ಅಲ್ಲಿವರೆಗೆ ಔಷಧಿ ಮತ್ತು 14416.

ಮಾತ್ರೆ ಮತ್ತು ಡ್ಯೂಟಿ

ಡಾಕ್ಟರ ಮುಂದೆ ‘ಡ್ರೈವರ್’ ಎಂದಷ್ಟೇ ಹೇಳಿದರೆ ಸಾಲದು. 12 ಗಂಟೆಯ ಪಾಳಿ, ರಾತ್ರಿ ಓಡಿಸುತ್ತೇನೆ, ಏಣಿ ಹತ್ತುತ್ತೇನೆ, ಬಂದೂಕು ಇದೆ, ನೀರಿಗಿಳಿಯುತ್ತೇನೆ ಎಂದು ಬಿಡಿಸಿ ಹೇಳಬೇಕು. ಖಿನ್ನತೆಗೆ, ಪಿಟಿಎಸ್‌ಡಿಗೆ ಕೊಡುವ ಸರ್ಟ್ರಲಿನ್‌ನಂಥ ಮಾತ್ರೆಗಳ ಗುಣ ಕಾಣಲು ಎರಡರಿಂದ ಆರು ವಾರ ಬೇಕು, ಮೊದಲ ವಾರ ಹೊಟ್ಟೆ ತೊಳಸಬಹುದು. ಅದು ಚಟವಾಗುವ ಮಾತ್ರೆಯಲ್ಲ, ಆದರೆ ಒಮ್ಮೆಲೇ ನಿಲ್ಲಿಸಬಾರದು. ಕೆಟ್ಟ ಕನಸಿಗೆ ಕೊಡುವ ಪ್ರಾಜೋಸಿನ್ ರಕ್ತದೊತ್ತಡ ಇಳಿಸುತ್ತದೆ. ಮಲಗಿದಲ್ಲಿಂದ ಕರೆಗಂಟೆಗೆ ಎದ್ದು ಓಡುವ ಫೈರ್‌ಮನ್‌ಗೆ ತಲೆ ಸುತ್ತಿ ಬೀಳುವ ಅಪಾಯ ಇದೆ, ಹಾಗಾಗಿ ಮೊದಲ ಡೋಸ್ ರಜೆಯ ರಾತ್ರಿ. ಮನಸ್ಸಿನ ತೀವ್ರ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರು ಬೆಂಕಿಯ ಬಿಸಿಯಲ್ಲಿ ಬೆವತು ನೀರು ಕಳೆದುಕೊಂಡರೆ ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗಬಹುದು. ಕೈ ನಡುಕ, ವಾಂತಿ, ತೊದಲು ಕಂಡರೆ ಅದೇ ದಿನ ರಕ್ತ ಪರೀಕ್ಷೆ. ನಿದ್ದೆ ತರಿಸುವ ಯಾವ ಮಾತ್ರೆ ತೆಗೆದುಕೊಂಡರೂ ಮರುದಿನ ಬೆಳಿಗ್ಗೆ ಸ್ಟೇರಿಂಗ್ ಹಿಡಿಯಬಹುದೇ ಎಂದು ಬಾಯಿಬಿಟ್ಟು ಕೇಳಿ.

ನೂಲು ಮಂತ್ರಿಸಿ ಕಟ್ಟಿಸುವುದು, ದೈವದ ಎದುರು ಪ್ರಾರ್ಥನೆ ಇಡುವುದು ಇವಕ್ಕೆ ಯಾವ ಡಾಕ್ಟರ ಅಡ್ಡಿಯೂ ಇಲ್ಲ. ಅಭಯ ಸಿಕ್ಕಿತೆಂದು ಮಾತ್ರೆ ನಿಲ್ಲಿಸದಿದ್ದರಾಯಿತು.

ಕುಡಿತ ಸೇರಿಕೊಂಡಿದ್ದರೆ

ಇಲ್ಲಿ ಮೂರು ದಾರಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಎಂಟು ದಿನಗಳ ಮದ್ಯವರ್ಜನ ಶಿಬಿರ. ಕುಡಿತ ಬಿಡಲು ಬಯಸುವವರು ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ಸಭೆಗಳು. ಆಸ್ಪತ್ರೆಯ ವ್ಯಸನಮುಕ್ತಿ ವಿಭಾಗ. ಉಡುಪಿಯ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆ ಈ ಕೆಲಸಕ್ಕೆ ಹೆಸರಾದದ್ದು. ಶಿಬಿರದ ಬಲ ಊರವರ, ಮನೆಯವರ ಒತ್ತಾಸೆ, ಮುಗಿದ ಮೇಲೆ ಕುಡಿತ ಬಿಟ್ಟವರು ಕೂಡುವ ನವಜೀವನ ಸಮಿತಿ. ಅದರ ಕಷ್ಟವೂ ಅದೇ, ಊರಿಗೇ ಗೊತ್ತಾಗುತ್ತದೆ. ಎಎ ಸಭೆಯಲ್ಲಿ ಹೆಸರು ಕೇಳುವುದಿಲ್ಲ, ಸಂಜೆ ಹೋಗಬಹುದು.

ಆದರೆ ಯಾವುದಕ್ಕೂ ಮೊದಲು ಒಂದು ಪರೀಕ್ಷೆ ಇದೆ. ಬೆಳಿಗ್ಗೆ ಎದ್ದೊಡನೆ ಕೈ ನಡುಗಿ, ಒಂದು ಗುಟುಕು ಹಾಕಿದರೆ ನಿಲ್ಲುತ್ತದೆಯೇ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದೆಯೇ? ಹೌದಾದರೆ ನೇರ ಆಸ್ಪತ್ರೆ. ನಿಲ್ಲಿಸಿದ 6ರಿಂದ 48 ಗಂಟೆಯೊಳಗೆ ಫಿಟ್ಸ್, ಎರಡು ಮೂರನೇ ದಿನ ಭ್ರಮೆ, ಜ್ವರ, ಬಡಬಡಿಕೆ ಬರುವ ಅಪಾಯವಿದೆ, ಅದರಲ್ಲಿ ಜೀವವೂ ಹೋಗಬಹುದು. ಕ್ವಾರ್ಟರ್ಸ್‌ನಲ್ಲಿ ಬಾಗಿಲು ಹಾಕಿಕೊಂಡು ಬಿಡುವ ಶಪಥ ಬೇಡ. ಇನ್ನು ಆಘಾತದ ಚಿಕಿತ್ಸೆಯೂ ಕುಡಿತದ ಚಿಕಿತ್ಸೆಯೂ ಒಟ್ಟಿಗೇ ಸಾಗಬೇಕು. ‘ಮೊದಲು ಕುಡಿತ ಬಿಡು, ಆಮೇಲೆ ಉಳಿದದ್ದು’ ಎಂದರೆ ದೃಶ್ಯ ಬಂದ ರಾತ್ರಿ ಬಾಟಲಿಯೂ ವಾಪಸ್ ಬರುತ್ತದೆ.

ಯಾರಿಗೆ ಗೊತ್ತಾಗುತ್ತದೆ, ಯಾರು ಹಣ ಕೊಡುತ್ತಾರೆ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗೋಪ್ಯ. ಬೇರೆಯವರ ಜೀವಕ್ಕೆ ಅಪಾಯ, ನ್ಯಾಯಾಲಯದ ಆದೇಶ ಮುಂತಾದ ಕೆಲವೇ ಸಂದರ್ಭ ಬಿಟ್ಟರೆ ನಿಮ್ಮ ಒಪ್ಪಿಗೆಯಿಲ್ಲದೆ ಮೇಲಧಿಕಾರಿಗೆ ಹೇಳುವಂತಿಲ್ಲ. ಆದರೆ ನೀವಾಗಿ ಹೋಗುವುದಕ್ಕೂ, ಮೇಲಧಿಕಾರಿ ಫಿಟ್‌ನೆಸ್ ಪರೀಕ್ಷೆಗೆ ಕಳಿಸುವುದಕ್ಕೂ ಅಜಗಜಾಂತರ ಇದೆ. ಎರಡನೆಯದರಲ್ಲಿ ವರದಿ ಹೋಗುವುದೇ ಇಲಾಖೆಗೆ. ನಿಮ್ಮ ಚಿಕಿತ್ಸೆಯ ಡಾಕ್ಟರೂ ಫಿಟ್‌ನೆಸ್ ಬರೆಯುವ ಡಾಕ್ಟರೂ ಒಬ್ಬರೇ ಆಗದಂತೆ ನೋಡಿಕೊಳ್ಳಿ. ಸೋರಿಕೆ ಹೆಚ್ಚಾಗಿ ಆಗುವುದು ವೈದ್ಯಕೀಯ ರಜೆಯ ಪ್ರಮಾಣಪತ್ರದಿಂದ. ಅದು ಕಚೇರಿಯ ಗುಮಾಸ್ತರ ಮೇಜಿನಲ್ಲಿ ದಿನಗಟ್ಟಲೆ ಬಿದ್ದಿರುತ್ತದೆ. ರಜೆಗೆ ಬೇಕಾದಷ್ಟೇ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿ, ಲಕೋಟೆಯಲ್ಲಿ ಮುಚ್ಚಿ ಕೊಡಿ.

ಹಣದ ವಿಷಯ. ಪೊಲೀಸರಿಗೆ ಆರೋಗ್ಯ ಭಾಗ್ಯ ಎಂಬ ಇಲಾಖೆಯ ಚಿಕಿತ್ಸಾ ಯೋಜನೆ ಇದೆ, ಆದರೆ ಕ್ಯಾಶ್‌ಲೆಸ್ ಬಿಲ್ ಎಂದರೆ ಅರ್ಜಿ, ಅರ್ಜಿ ಎಂದರೆ ಕಾಗದ. ಓಪಿಡಿಯ ಸಣ್ಣ ಖರ್ಚನ್ನು ಕೈಯಿಂದ ಕೊಟ್ಟರೆ ಗೋಪ್ಯ ಉಳಿಯುತ್ತದೆ. ಗುತ್ತಿಗೆಯವರು ಪೇ ಸ್ಲಿಪ್ ನೋಡಿ. ಸಂಬಳ 21,000 ರೂ. ಒಳಗಿದ್ದು 0.75% ಕಡಿತವಾಗುತ್ತಿದ್ದರೆ ನೀವು ಇಎಸ್‌ಐಯಲ್ಲಿ, ಅಂದರೆ ನೌಕರರ ರಾಜ್ಯ ವಿಮೆಯಲ್ಲಿ, ಇದ್ದೀರಿ. ಮನೋವೈದ್ಯರ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ಆರು ತಿಂಗಳ ಕೊಡುಗೆ ಅವಧಿಯಲ್ಲಿ 78 ದಿನ ತುಂಬಿದ್ದರೆ ಕಾಯಿಲೆ ರಜೆಗೆ ಸಂಬಳದ 70%ರಂತೆ ವರ್ಷಕ್ಕೆ ಹೆಚ್ಚೆಂದರೆ 91 ದಿನ ಸಿಗುತ್ತದೆ. ಖಾಸಗಿ ಪಾಲಿಸಿಗಳು ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಯಂತೆಯೇ ಒಳಗೊಳ್ಳಬೇಕೆಂದು ಅದೇ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ, ಆದರೆ ಒಳರೋಗಿಯಾಗಿ ಸೇರಿದರೆ ಮಾತ್ರ ಹಣ ಕೊಡುವ ಪಾಲಿಸಿಗಳೇ ಜಾಸ್ತಿ. ವಾರವಾರದ ಕೌನ್ಸೆಲಿಂಗ್ ಶುಲ್ಕಕ್ಕೆ ಅದನ್ನು ನಂಬಬೇಡಿ.

ಇವತ್ತೇ ಹೋಗಬೇಕಾದ್ದು

ಸಾಯುವ ಯೋಚನೆ ಬಂದು, ಹೇಗೆ ಎಂಬ ಲೆಕ್ಕವೂ ಶುರುವಾಗಿದ್ದರೆ ಹೋಲಿಕೆ ಮಾಡುತ್ತ ಕೂರಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿ ಯಾವುದಾದರೂ ಆಯಿತು, ಒಬ್ಬರೇ ಹೋಗಬೇಡಿ. ಶಸ್ತ್ರ ಇರುವವರಾದರೆ ಜೊತೆಗಾರರು ಮಾಡಬೇಕಾದ ಮೊದಲ ಕೆಲಸ ಅದನ್ನು ಶಸ್ತ್ರಾಗಾರಕ್ಕೆ ಮರಳಿಸುವುದು. ‘ಜ್ವರ, ಎರಡು ದಿನ ಲೈಟ್ ಡ್ಯೂಟಿ’ ಎಂಬ ನೆಪ ಸಾಕು. ಮನೆಯಲ್ಲಿ ಮಾತ್ರೆಯ ಪಟ್ಟಿ, ಕೀಟನಾಶಕದ ಡಬ್ಬಿ ಬೇರೆಯವರ ವಶಕ್ಕೆ ಕೊಡಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷಿಸಬಾರದು ಎಂದು 2017ರ ಅದೇ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಇದೆ, ಕೇಸ್ ಆಗುತ್ತದೆಂದು ಮನೆಯಲ್ಲೇ ಮುಚ್ಚಿಡಬೇಡಿ.

ಇಲಾಖೆಯೇ ಇಲ್ಲದವರು

108ರವರಿಗೆ ನಮ್ಮ ಸಲಹೆ: ನಿಮ್ಮ ಗಾಡಿ ಹೋಗದ ಆಸ್ಪತ್ರೆಯ ಓಪಿಡಿ, ಜೊತೆಗೆ ಇಎಸ್‌ಐ. ಕಾನ್‌ಸ್ಟೆಬಲ್‌ಗೆ: ಮೊದಲು 14416, ಆಮೇಲೆ ಪಕ್ಕದ ಜಿಲ್ಲೆಯ ಮೆಡಿಕಲ್ ಕಾಲೇಜು. ಅಗ್ನಿಶಾಮಕದವರಿಗೆ: ಬೇರೆ ಠಾಣೆಯ ಹಿರಿಯರು, ತಿಂಗಳಾದರೂ ಇಳಿಯದಿದ್ದರೆ ಕ್ಲಿನಿಕಲ್ ಸೈಕಾಲಜಿಸ್ಟ್. ದಿನಗೂಲಿಯ ಲೆಕ್ಕದಲ್ಲಿ ದುಡಿಯುವ ಗೃಹರಕ್ಷಕರಿಗೆ ಒಂದು ದಿನದ ಓಪಿಡಿ ಎಂದರೆ ಒಂದು ದಿನದ ಭತ್ಯೆ ಹೋದಂತೆ, ಹಾಗಾಗಿ ತಾಲೂಕು ಆಸ್ಪತ್ರೆಯ ಮಂಗಳವಾರವೇ ಸರಿ.

ಈ ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಗುಂಪು ಕರಾವಳಿಯಲ್ಲಿದೆ. ನದಿಗೆ ಹಾರಿದವರನ್ನು ಹುಡುಕಲು ಪೊಲೀಸರು ಕರೆಯುವುದು ದೋಣಿ ಇರುವ ಮೀನುಗಾರರನ್ನು, ಮುಳುಗು ಬಲ್ಲ ಊರ ಹುಡುಗರನ್ನು. 2010ರ ಮೇ 22ರಂದು ಮಂಗಳೂರು ವಿಮಾನ ನಿಲ್ದಾಣದ ಪಕ್ಕದ ಕೆಂಜಾರಿನಲ್ಲಿ ವಿಮಾನ ಉರಿದು 158 ಮಂದಿ ಸತ್ತಾಗ ಸುತ್ತಲಿನ ಊರವರೂ ಗುಡ್ಡ ಇಳಿದು ಹೋಗಿದ್ದರು. ಇವರಿಗೆ ರೋಸ್ಟರ್ ಇಲ್ಲ, ಕೌನ್ಸೆಲರ್ ಇಲ್ಲ, ನಾಲ್ಕನೇ ವಾರ ನಿದ್ದೆ ಕೇಳುವ ಠಾಣಾಧಿಕಾರಿಯೂ ಇಲ್ಲ. ಶವ ಎತ್ತಿಸಿದ ಪೊಲೀಸ್ ಠಾಣೆಯವರು ಇವರ ಫೋನ್ ನಂಬರನ್ನೂ ಬರೆದಿಟ್ಟುಕೊಂಡು ಹತ್ತನೇ ದಿನ ಒಮ್ಮೆ, ತಿಂಗಳು ತುಂಬಿದಾಗ ಒಮ್ಮೆ ಕರೆ ಮಾಡಬಹುದು. ಆಶಾ ಕಾರ್ಯಕರ್ತೆಗೆ ಹೆಸರು ತಿಳಿಸಿ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಜಿಲ್ಲಾ ತಂಡಕ್ಕೆ ದಾಟಿಸಬಹುದು. ಪಂಚನಾಮೆಗೆ ಹೇಗೂ ಅವರ ಹೆಸರು, ವಿಳಾಸ ಬರೆದುಕೊಳ್ಳುತ್ತಾರಲ್ಲ, 14416 ಬರೆದ ಚೀಟಿಯೊಂದನ್ನು ಆಗಲೇ ಅವರ ಕೈಗೆ ಕೊಟ್ಟರಾಯಿತು.